ಬೆಳಕು ಸಾಲದು

ಸಂಚಿಕೆಗೆ ಏನಾದರೂ ಬರೆದುಕೊಡಲೇಬೇಕೆಂದು ಸಂಪಾದಕ ಮಿತ್ರರು ಹಟ ಹಿಡಿದರು. ‘ಯಾವ ವಿಷಯ ಬರೆಯುತ್ತೀಯೆ?’ ಎಂದು ಕೇಳಿದರು. ‘ವಿಜ್ಞಾನದ ಕಲ್ಪನೆಯ ಸಿನಿಮಾಗಳಲ್ಲಿ ಬೆಳಕು ಮತ್ತು ಕಣ್ಣು’ ಎಂದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿ, ‘ನೀನು ಇತಿಹಾಸದ ವಿದ್ಯಾರ್ಥಿಯಲ್ಲವೆ?’ ಎಂದರು. ಹೌದು, ಇತಿಹಾಸದ ವಿದ್ಯಾರ್ಥಿಯೇ. ಬೆಳಕಿನ ವಿಚಾರ ಭೌತಶಾಸ್ತ್ರದವರಿಗೆ ಸೇರಿದ್ದು, ಕಣ್ಣಿನ ವಿಚಾರ ವೈದ್ಯರಿಗೆ ಸೇರಿದ್ದು. ಸಿನಿಮಾದ ವಿಚಾರವಾದರೋ ಕೆಲಸವಿಲ್ಲದವರಿಗೆ ಸೇರಿದ್ದೆಂದು ನಮ್ಮ ತಂದೆಯವರ ಅಭಿಪ್ರಾಯ. ಈ ಮೂರರಲ್ಲಿ ಒಂದರ ಮೇಲೂ ಅಧಿಕಾರವಿಲ್ಲದ ನಾನು ಇದನ್ನು ಬರೆಯಹೊರಟಿರುವುದಕ್ಕೆ ಒಂದು ಕಾರಣವುಂಟು. ಅದನ್ನು ಈಗಲೇ ಹೇಳಿದರೆ ಓದುಗರು ಪುಟ ತಿರುವಿಬಿಡಬಹುದು. ಸಿನಿಮಾದಿಂದ ಆರಂಭವಾಗುವ ಈ ಬರಹ ನಮ್ಮ ಮನೆಯ ಅಕ್ಕಿ ಆರಿಸುವ ಮೊರದ ಬಳಿ ಮುಗಿಯುತ್ತದೆ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ನಮ್ಮ ಕಾಲೇಜಿನಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸಿನಿಮಾ ತೋರಿಸುವ ಪದ್ಧತಿಯನ್ನು ಆಂಗ್ಲ ವಿಭಾಗದ ಅಧ್ಯಾಪಕರೊಬ್ಬರು ನಡೆಸಿಕೊಂಡು ಬಂದಿದ್ದಾರೆ. ಹದಿಮೂರನೆಯ ನಂಬರಿನ ಕೊಠಡಿಯ ಕಿಟಕಿಗಳಿಗೆ ಬಾಗಿಲಿಲ್ಲ. ವಾರ್ಷಿಕೋತ್ಸವದ ಜಮಖಾನಗಳನ್ನು ತಂದು ಅವುಗಳಿಗೆ ಇಳಿಬಿಡುತ್ತೇವೆ. ಎಷ್ಟು ಬಿಗಿಯಾಗಿ ಕಟ್ಟಿದರೂ ಒಂದು ಮೂಲೆಯಿಂದ ಬಿಸಿಲು ಕೋಲಿನಂತೆ ಒಳಗೆ ಬಂದು ಪರದೆಯ ಮೇಲೆ ಬೀಳುತ್ತದೆ. ಅಮೆರಿಕದ ಆಕಾಶನೌಕೆ ನಮ್ಮ ಊರಿನ ಬಿಸಿಲನ್ನು ದಾಟಿಕೊಂಡೇ ಚಂದ್ರನ ಕಡೆಗೆ ಹೋಗಬೇಕು!

ಮೊದಲ ವರ್ಷ ನನಗೆ ಈ ಸಿನಿಮಾಗಳ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಗೇಟು ದಾಟಿದವನು ನಾನೇ ಮೊದಲಿಗ. ತಂದೆಯವರು ಗಾರೆ ಕೆಲಸದವರು, ತಾಯಿ ಹೂ ಕಟ್ಟಿ ಮಾರುವವರು. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ನನಗೆ ಆ ಇಂಗ್ಲಿಷ್ ಮಾತು ಕಿವಿಗೆ ಹತ್ತುತ್ತಿರಲಿಲ್ಲ. ಕೆಳಗೆ ಮೂಡುವ ಅಕ್ಷರಗಳನ್ನು ಓದಿ ಮುಗಿಸುವಷ್ಟರಲ್ಲಿ ಅವು ಮಾಯವಾಗುತ್ತಿದ್ದವು. ಮುಂದಿನ ಸಾಲಿನವರು ನಕ್ಕಾಗ ನಾನೂ ನಕ್ಕು ಮಾನ ಉಳಿಸಿಕೊಳ್ಳುತ್ತಿದ್ದೆ. ಕೊನೆಗೆ ಓದುವ ಆಸೆಯನ್ನೇ ಬಿಟ್ಟು ಬರಿಯ ಮುಖಗಳನ್ನು ನೋಡುತ್ತ ಕುಳಿತೆ. ಮುಖವೆಂದರೆ ಕಣ್ಣು ತಾನೆ? ಹೀಗೆ ಭಾಷೆ ಬಾರದ್ದರಿಂದ ನನಗೆ ಆದ ಒಂದೇ ಲಾಭವೆಂದರೆ, ಭಾಷೆ ಬಲ್ಲವರು ಗಮನಿಸದ ಒಂದು ಸಂಗತಿ ನನ್ನ ಗಮನಕ್ಕೆ ಬಂದದ್ದು. ಈ ಸಿನಿಮಾಗಳಲ್ಲಿ ಯಾರೋ ಒಬ್ಬರು ಸದಾ ಇನ್ನೊಬ್ಬರ ಕಣ್ಣಿಗೆ ಬೆಳಕು ಬಿಡುತ್ತಿರುತ್ತಾರೆ.

ನಮ್ಮ ಊರುಗಳಲ್ಲಿ ಕಣ್ಣೆಂಬುದು ಬರಿಯ ನೋಡುವ ಅಂಗವಲ್ಲ. ಕಣ್ಣು ಬೀಳುತ್ತದೆ, ಕಣ್ಣು ತಾಗುತ್ತದೆ. ಎಳೆಗೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಡುವುದೂ ಹೊಸ ಮನೆಯ ಮುಂದೆ ಬೂದುಗುಂಬಳ ಕಟ್ಟುವುದೂ ಇದಕ್ಕಾಗಿಯೇ. ಕಣ್ಣಿನಿಂದ ಏನೋ ಹೊರಟು ಎದುರಿನ ವಸ್ತುವನ್ನು ಮುಟ್ಟುತ್ತದೆ ಎಂಬುದು ಹಿರಿಯರ ನಂಬಿಕೆ. ನಗಬೇಡಿ, ಗ್ರೀಸಿನ ಯೂಕ್ಲಿಡ್ಡನಂಥ ಮಹಾಗಣಿತಜ್ಞನೂ ಕಣ್ಣಿನಿಂದ ಕಿರಣಗಳು ಹೊರಡುತ್ತವೆಂದು ಇಟ್ಟುಕೊಂಡೇ ತನ್ನ ದೃಷ್ಟಿಶಾಸ್ತ್ರವನ್ನು ಬರೆದನು. ಸುಮಾರು ಸಾವಿರ ವರ್ಷಗಳ ಹಿಂದೆ ಬಸ್ರಾ ನಗರದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್ ಹೈತಮ್ ಎಂಬ ವಿದ್ವಾಂಸನು ಇದನ್ನು ತಿರುಗುಮುರುಗು ಮಾಡಿದನು. ಕಣ್ಣಿನಿಂದ ಏನೂ ಹೊರಡುವುದಿಲ್ಲ. ಬೆಳಕೇ ವಸ್ತುವಿನಿಂದ ಹೊರಟು ಕಣ್ಣಿಗೆ ಬರುತ್ತದೆ ಎಂದನು. ಅಂದಿನಿಂದ ಕಣ್ಣು ಕೊಡುವ ದೊರೆಯಾಗಿ ಉಳಿಯಲಿಲ್ಲ. ಬಾಗಿಲಲ್ಲಿ ನಿಂತು ಬೇಡುವ ಬಡವನಾಯಿತು.

ಆದರೆ ಸಿನಿಮಾದವರು ಯಂತ್ರಗಳಿಗೆ ಕಣ್ಣು ಕೊಡುವಾಗ ಮತ್ತೆ ಹಳೆಯ ನಂಬಿಕೆಗೇ ಹಿಂತಿರುಗಿದ್ದಾರೆ. 1984ರ ‘ಟರ್ಮಿನೇಟರ್’ ಚಿತ್ರದ ಯಂತ್ರಮಾನವನ ಕಣ್ಣು ಕೆಂಡದಂತೆ ಉರಿಯುತ್ತದೆ. ಆ ಕಣ್ಣು ಬೆಳಕನ್ನು ಬೇಡುವುದಿಲ್ಲ, ಎಸೆಯುತ್ತದೆ. ಬೆಳಕನ್ನು ಎಸೆಯುವ ಕಣ್ಣಿಗೆ ನಾವು ಏಕೆ ಹೆದರುತ್ತೇವೆ? ಈ ಪ್ರಶ್ನೆಯನ್ನು ಹಿಡಿದು ನಾನು ನೋಡಿದ ನಾಲ್ಕು ಚಿತ್ರಗಳ ವಿಚಾರ ಹೇಳುತ್ತೇನೆ.

ಮೊದಲನೆಯದು ಜರ್ಮನಿಯ ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ‘ಮೆಟ್ರೊಪೊಲಿಸ್’. 1927ರದು, ಮೂಕಿ ಚಿತ್ರ. ಅಂದು ಮಾತ್ರ ಕೊಠಡಿಯಲ್ಲಿದ್ದ ಎಲ್ಲರಿಗೂ ಅರ್ಥವಾದಷ್ಟೇ ನನಗೂ ಅರ್ಥವಾಯಿತೆಂದು ಹೇಳಲು ಸಂತೋಷವಾಗುತ್ತದೆ. ಮೇಲೆ ಧಣಿಗಳ ನಗರ, ನೆಲದಡಿಯಲ್ಲಿ ಕಾರ್ಮಿಕರ ನಗರ. ಕಾರ್ಮಿಕರಿಗೆ ಸಮಾಧಾನ ಹೇಳುವ ಮರಿಯಾ ಎಂಬ ತರುಣಿಯನ್ನು ರೋಟ್‌ವಾಂಗ್ ಎಂಬ ವಿಜ್ಞಾನಿ ನೆಲಮಾಳಿಗೆಯ ಕತ್ತಲಲ್ಲಿ ಬೆನ್ನಟ್ಟುತ್ತಾನೆ. ಅವನು ಅವಳನ್ನು ಕೈಯಿಂದ ಹಿಡಿಯುವುದಿಲ್ಲ. ಟಾರ್ಚಿನ ಬೆಳಕಿನಿಂದ ಹಿಡಿಯುತ್ತಾನೆ. ಆ ಬಿಳಿಯ ಬೆಳಕಿನ ಬಿಲ್ಲೆ ಅವಳ ಮೈಮೇಲೆ ಹರಿದಾಡುತ್ತದೆ, ಓಡಿದರೆ ಹಿಂದೆ ಬರುತ್ತದೆ, ಗೋಡೆಗೆ ಒತ್ತಿ ನಿಲ್ಲಿಸುತ್ತದೆ. ಬೆಳಕೆಂದರೆ ಜ್ಞಾನ, ಬೆಳಕೆಂದರೆ ದೇವರು ಎಂದು ಪ್ರಾರ್ಥನೆಯಲ್ಲಿ ದಿನವೂ ಹೇಳುವ ನಮಗೆ ಬೆಳಕೇ ಬೇಟೆನಾಯಿಯಾಗುವುದನ್ನು ನೋಡಿ ಗಾಬರಿಯಾಯಿತು.

ಮುಂದೆ ವಿಜ್ಞಾನಿ ತನ್ನ ಯಂತ್ರದ ಹೆಣ್ಣಿಗೆ ಮರಿಯಾಳ ರೂಪವನ್ನು ಕೊಡುತ್ತಾನೆ. ಬೆಳಕಿನ ಬಳೆಗಳು ಯಂತ್ರದ ಸುತ್ತ ಮೇಲಕ್ಕೂ ಕೆಳಕ್ಕೂ ಆಡುತ್ತವೆ. ನಿಜವಾದ ಮರಿಯಾ, ಕೃತಕ ಮರಿಯಾ ಇಬ್ಬರೂ ಬ್ರಿಗಿಟೆ ಹೆಲ್ಮ್ ಎಂಬ ಒಬ್ಬಳೇ ನಟಿ. ಮುಖ ಒಂದೇ, ವ್ಯತ್ಯಾಸವೆಲ್ಲ ಕಣ್ಣಿನಲ್ಲಿ. ಮೊದಲನೆಯವಳು ಎದುರಿಗಿರುವವರನ್ನು ನೋಡುತ್ತಾಳೆ, ಎರಡನೆಯವಳು ಒಂದು ಕಣ್ಣನ್ನು ಅರೆಮುಚ್ಚಿ ಅಳೆಯುತ್ತಾಳೆ. ಅವಳು ಕುಣಿಯುವಾಗ ನೋಡುವ ಗಂಡಸರ ಮುಖಗಳು ಮಾಯವಾಗಿ ಪರದೆಯ ತುಂಬ ಬರಿಯ ಕಣ್ಣುಗಳೇ ಕಾಣುತ್ತವೆ. ಆಗ ಯಂತ್ರ ಯಾವುದು, ಮನುಷ್ಯರು ಯಾರು ಎಂದು ಹೇಳುವುದು ಕಷ್ಟ. ಕುಣಿಯುವವಳು ಯಂತ್ರ ಸರಿ. ರೆಪ್ಪೆ ಬಡಿಯದೆ ನೋಡುತ್ತಿರುವವರು ಏನು?

ಎರಡನೆಯದು ಸ್ಟಾನ್ಲಿ ಕ್ಯೂಬ್ರಿಕ್ ನಿರ್ದೇಶಿಸಿದ ‘2001: ಎ ಸ್ಪೇಸ್ ಒಡಿಸ್ಸಿ’. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂದು ವರ್ಷ ಮೊದಲು, 1968ರಲ್ಲಿ ತೆರೆಗೆ ಬಂದದ್ದು. ಇದರಲ್ಲಿ ಆಕಾಶನೌಕೆಯನ್ನು ನಡೆಸುವ ಹ್ಯಾಲ್ ಎಂಬ ಗಣಕಯಂತ್ರವಿದೆ. ಅದಕ್ಕೆ ಮೈಯಿಲ್ಲ, ಮುಖವಿಲ್ಲ. ಗೋಡೆಯಲ್ಲಿ ಒಂದು ದುಂಡು ಗಾಜು, ಒಳಗೆ ಕೆಂಪು ಬೆಳಕು. ಅಷ್ಟೆ. ಅದರ ಮಾತು ಬಹಳ ನಯ, ನಮ್ಮ ಕಚೇರಿಗಳಲ್ಲಿ ಅಪರೂಪವಾಗಿ ಕೇಳಿಬರುವಷ್ಟು ನಯ. ಆದರೆ ಆ ಕಣ್ಣು ಒಮ್ಮೆಯೂ ಮುಚ್ಚುವುದಿಲ್ಲ. ನೌಕೆಯ ಇಬ್ಬರು ಯಾತ್ರಿಕರು ಅದಕ್ಕೆ ಕೇಳಿಸಬಾರದೆಂದು ಒಂದು ಸಣ್ಣ ಗೂಡಿನೊಳಗೆ ಕುಳಿತು ಮಾತನಾಡುತ್ತಾರೆ. ಹ್ಯಾಲ್ ಕಿಟಕಿಯ ಗಾಜಿನ ಮೂಲಕ ಅವರ ತುಟಿಗಳನ್ನು ನೋಡಿ ಮಾತನ್ನೆಲ್ಲ ತಿಳಿದುಕೊಳ್ಳುತ್ತದೆ. ತುಟಿ ನೋಡಿ ಇಂಗ್ಲಿಷ್ ಅರ್ಥಮಾಡಿಕೊಳ್ಳುವ ಕಷ್ಟ ನನಗೂ ಗೊತ್ತಿದ್ದುದರಿಂದ ಆ ಕ್ಷಣ ಹ್ಯಾಲ್‌ನ ಮೇಲೆ ನನಗೆ ಸ್ವಲ್ಪ ಸಹಾನುಭೂತಿ ಹುಟ್ಟಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದು ಆಮೇಲೆ ಮಾಡುವ ಕೊಲೆಗಳಿಗೆ ಸಹಾನುಭೂತಿ ನಿಲ್ಲುವುದಿಲ್ಲ.

ಇದೇ ಚಿತ್ರದ ಕೊನೆಯ ಭಾಗದಲ್ಲಿ ಉಳಿದ ಒಬ್ಬ ಯಾತ್ರಿಕ ಬಣ್ಣಬಣ್ಣದ ಬೆಳಕಿನ ಪ್ರವಾಹದೊಳಗೆ ಬೀಳುತ್ತಾನೆ. ನಡುನಡುವೆ ಅವನ ಕಣ್ಣೊಂದೇ ಪರದೆ ತುಂಬುತ್ತದೆ; ರೆಪ್ಪೆ ಬಡಿದಂತೆಲ್ಲ ಅದರ ಬಣ್ಣ ಬೇರೆಯಾಗುತ್ತದೆ. ಹ್ಯಾಲ್‌ನ ಕಣ್ಣು ಎಲ್ಲವನ್ನೂ ನೋಡಿಯೂ ಕಡೆಯ ತನಕ ಒಂದೇ ಬಣ್ಣ. ಮನುಷ್ಯನ ಕಣ್ಣು ಕಂಡದ್ದರಿಂದ ತಾನೂ ಬದಲಾಗುತ್ತದೆ. ಎರಡಕ್ಕೂ ಇರುವ ಭೇದವನ್ನು ನಿರ್ದೇಶಕರು ಒಂದು ಮಾತೂ ಆಡದೆ ಹೇಳಿದ್ದಾರೆಂದು ನನಗೆ ತೋರುತ್ತದೆ.

ಮೂರನೆಯದು ಫ್ರಾನ್ಸಿನ ಕ್ರಿಸ್ ಮಾರ್ಕರ್ ಮಾಡಿದ ‘ಲಾ ಜೆಟೆ’, 1962ರದು. ಇಪ್ಪತ್ತೆಂಟು ನಿಮಿಷಗಳ ಸಣ್ಣ ಚಿತ್ರ. ಇದರಲ್ಲಿ ಚಲನೆಯೇ ಇಲ್ಲ. ಒಂದಾದ ಮೇಲೊಂದು ನಿಶ್ಚಲ ಛಾಯಾಚಿತ್ರಗಳು, ಹಿಂದೆ ಕಥೆ ಹೇಳುವ ಒಂದು ಧ್ವನಿ. ಮಹಾಯುದ್ಧದಲ್ಲಿ ಪ್ಯಾರಿಸ್ ನಾಶವಾಗಿದೆ. ಬದುಕಿದವರು ನೆಲದಡಿಯಲ್ಲಿದ್ದಾರೆ. ಒಬ್ಬ ಕೈದಿಯ ಕಣ್ಣುಗಳಿಗೆ ಪಟ್ಟಿ ಮುಚ್ಚಿ, ತಂತಿ ಜೋಡಿಸಿ, ಅವನನ್ನು ಕಳೆದುಹೋದ ಕಾಲಕ್ಕೆ ಕಳಿಸುತ್ತಾರೆ. ಚಿಕ್ಕಂದಿನಲ್ಲಿ ವಿಮಾನ ನಿಲ್ದಾಣದಲ್ಲಿ ಕಂಡ ಒಬ್ಬ ಹೆಂಗಸಿನ ಮುಖ ಅವನ ನೆನಪಿನಲ್ಲಿ ಉಳಿದಿದೆ. ಆ ನೆನಪೇ ದಾರಿ. ಅವಳು ಮಲಗಿರುವ ಚಿತ್ರಗಳು ಒಂದರೊಳಗೊಂದು ಕರಗುತ್ತ ಬರುತ್ತವೆ. ಇದ್ದಕ್ಕಿದ್ದಂತೆ ಅವಳು ಕಣ್ಣು ತೆರೆದು ನಮ್ಮ ಕಡೆ ನೋಡಿ ರೆಪ್ಪೆ ಬಡಿಯುತ್ತಾಳೆ! ಇಡೀ ಚಿತ್ರದಲ್ಲಿ ಚಲಿಸುವುದು ಆ ಕೆಲವು ಗಳಿಗೆ ಮಾತ್ರ. ನಮ್ಮ ಹಿಂದಿನ ಬೆಂಚಿನ ಗದ್ದಲ ಆಗ ತಾನಾಗಿ ನಿಂತಿತು. ಹದಿಮೂರನೆಯ ಕೊಠಡಿಯಲ್ಲಿ ಅಷ್ಟು ಮೌನವನ್ನು ನಾನು ಪರೀಕ್ಷೆಯ ಕಾಲದಲ್ಲಿಯೂ ಕಂಡಿಲ್ಲ. ಹ್ಯಾಲ್‌ಗೆ ಇಲ್ಲದ್ದು ಇದೇ ಅಲ್ಲವೆ? ಒಂದು ರೆಪ್ಪೆ.

ನಾಲ್ಕನೆಯ ಚಿತ್ರ ರಿಡ್ಲಿ ಸ್ಕಾಟ್ ನಿರ್ದೇಶಿಸಿದ ‘ಬ್ಲೇಡ್ ರನ್ನರ್’. ಫಿಲಿಪ್ ಕೆ. ಡಿಕ್ ಎಂಬ ಲೇಖಕನ 1968ರ ಕಾದಂಬರಿಯನ್ನು ಆಧರಿಸಿ 1982ರಲ್ಲಿ ಬಂದದ್ದು. ಕಥೆ ನಡೆಯುವುದು 2019ರ ಲಾಸ್ ಏಂಜಲೀಸ್ ನಗರದಲ್ಲಿ. ಅವರು ಭವಿಷ್ಯವೆಂದು ಕಲ್ಪಿಸಿದ ವರ್ಷ ನಮಗೆ ಕಳೆದುಹೋದ ವರ್ಷ. ಚಿತ್ರದ ಆರಂಭದಲ್ಲಿಯೇ ಪರದೆ ತುಂಬ ಒಂದು ಕಣ್ಣು. ಅದರಲ್ಲಿ ನಗರದ ಬೆಂಕಿ ಪ್ರತಿಬಿಂಬಿಸುತ್ತದೆ. ಆ ಕಾಲದಲ್ಲಿ ಕಾರ್ಖಾನೆಯಲ್ಲಿ ಮನುಷ್ಯರಂಥ ಆಳುಗಳನ್ನು ತಯಾರಿಸುತ್ತಾರೆ. ನೋಡಲು ನಮ್ಮ ಹಾಗೆಯೇ. ಆಯುಸ್ಸು ಮಾತ್ರ ನಾಲ್ಕೇ ವರ್ಷ. ತಪ್ಪಿಸಿಕೊಂಡು ಭೂಮಿಗೆ ಬಂದವರನ್ನು ಕಂಡುಹಿಡಿಯುವುದು ಹೇಗೆ? ಒಂದು ಯಂತ್ರದ ಮುಂದೆ ಕೂರಿಸಿ, ಕಣ್ಣಿಗೆ ಬೆಳಕು ಹಿಡಿದು, ಮನಸ್ಸು ಕಲಕುವ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರ ಮುಖ್ಯವಲ್ಲ, ಪಾಪೆ ಹಿಗ್ಗಿತೆ, ಕುಗ್ಗಿತೆ ಎಂಬುದು ಮುಖ್ಯ. ಕಣ್ಣು ಸಾಕ್ಷಿ ಹೇಳದಿದ್ದರೆ ಮನುಷ್ಯನಲ್ಲ, ಮನುಷ್ಯನಲ್ಲದಿದ್ದರೆ ಗುಂಡು.

ಈ ಚಿತ್ರದಲ್ಲಿ ಆ ಕೃತಕ ಮನುಷ್ಯರ ಕಣ್ಣುಗಳು ಕೆಲವು ಸಲ ಒಳಗಿನಿಂದ ಹೊಳೆಯುತ್ತವೆ. ಇದನ್ನು ಹೇಗೆ ಮಾಡಿದರೆಂದು ತಿಳಿಯುವ ಕುತೂಹಲ ನನಗಾಯಿತು. ಛಾಯಾಗ್ರಾಹಕ ಜೋರ್ಡನ್ ಕ್ರೋನೆನ್‌ವೆತ್ ಕ್ಯಾಮೆರಾದ ಮುಂದೆ ಒಂದು ಅರೆಗನ್ನಡಿಯನ್ನು 45 ಡಿಗ್ರಿ ಓರೆಯಾಗಿ ಇಟ್ಟರು. ಅರೆಗನ್ನಡಿಯೆಂದರೆ ಅರ್ಧ ಬೆಳಕನ್ನು ಹಾಯಗೊಟ್ಟು ಉಳಿದರ್ಧವನ್ನು ತಿರುಗಿಸುವ ಗಾಜು. ಪಕ್ಕದಿಂದ ಬಿಟ್ಟ ಸಣ್ಣ ಬೆಳಕು ಅದಕ್ಕೆ ತಾಗಿ ಕ್ಯಾಮೆರಾದ ನೋಟದ ಗೆರೆಯಲ್ಲಿಯೇ ನಟನ ಕಣ್ಣಿನೊಳಕ್ಕೆ ಹೋಗುತ್ತದೆ. ಒಳಗಿನ ಪರದೆಗೆ ತಾಗಿ ಹೋದ ದಾರಿಯಲ್ಲಿಯೇ ಹಿಂತಿರುಗುತ್ತದೆ. ರಾತ್ರಿ ಕೊಟ್ಟಿಗೆಗೆ ಟಾರ್ಚು ಬಿಟ್ಟರೆ ದನದ ಕಣ್ಣು ಹೊಳೆಯುವುದನ್ನು ನಾವೆಲ್ಲ ಕಂಡಿದ್ದೇವೆ. ದನ, ಬೆಕ್ಕು, ಚಿರತೆಗಳ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಒಂದು ಪದರವುಂಟು. ಮನುಷ್ಯನಿಗೆ ಅದಿಲ್ಲ. ಆದ್ದರಿಂದ ನಮ್ಮ ಕಣ್ಣು ಹೊಳೆಯಬೇಕಾದರೆ ಇಷ್ಟು ಉಪಾಯ ಬೇಕು. ‘2001’ ಚಿತ್ರದಲ್ಲಿಯೂ ಹಿನ್ನೆಲೆಯ ದೃಶ್ಯಗಳನ್ನು ಇಂಥದೇ ಅರೆಗನ್ನಡಿಯ ಮೂಲಕ ಪರದೆಯ ಮೇಲೆ ಬಿಟ್ಟಿದ್ದರು. ಆ ಬೆಳಕು ತಾಗಿ ಒಂದು ಚಿರತೆಯ ಕಣ್ಣುಗಳು ದೀಪದಂತೆ ಹೊತ್ತಿಕೊಂಡವು.

ಇಲ್ಲಿಯವರೆಗಿನದು ಸಿನಿಮಾ. ಇನ್ನು ಮೊರದ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯಲ್ಲಿ ಅಕ್ಕಿ ಆರಿಸುವ ಕೆಲಸ ಅಜ್ಜಿಯದು. ಬೆಳಗ್ಗೆ ಬಾಗಿಲ ಬಳಿ ಕಾಲು ನೀಡಿ ಕುಳಿತು ಮೊರವನ್ನು ತೊಡೆಯ ಮೇಲಿಟ್ಟುಕೊಂಡರೆ ಒಂದು ಹರಳೂ ಅವಳ ಬೆರಳನ್ನು ತಪ್ಪಿಸಿಕೊಳ್ಳುತ್ತಿರಲಿಲ್ಲ. ಹೋದ ದೀಪಾವಳಿಯ ಈಚೆಗೆ ಅನ್ನದಲ್ಲಿ ಕಲ್ಲು ಸಿಗತೊಡಗಿತು. ಮೊದಲು ಒಂದು, ಆಮೇಲೆ ಎರಡು. ಒಂದು ರಾತ್ರಿ ಓದಿ ದಣಿದು ಊಟಕ್ಕೆ ಕುಳಿತವನಿಗೆ ಹಲ್ಲು ಜುಮ್ಮೆನ್ನುವ ಹಾಗೆ ಕಲ್ಲು ಕಡಿಯಿತು. ತಟ್ಟೆಯನ್ನು ನೂಕಿ, ‘ಕಣ್ಣು ಕಾಣಕಿಲ್ವ ಅಜ್ಜಿ ನಿಂಗೆ?’ ಎಂದು ರೇಗಿದೆ.

‘ಬೆಳಕು ಸಾಲ್ದು ಕಣಪ್ಪ’ ಎಂದಳು ಅಜ್ಜಿ.

ಮಾರನೆಯ ದಿನ ತಂದೆಯವರು ಅಡಿಗೆಮನೆಗೆ ದೊಡ್ಡ ಬಲ್ಬು ತಂದು ಹಾಕಿದರು. ಕಲ್ಲು ನಿಲ್ಲಲಿಲ್ಲ. ನಾನು ರೇಗುವುದನ್ನೂ ನಿಲ್ಲಿಸಲಿಲ್ಲ. ಅಜ್ಜಿ ಅದೇ ಮಾತನ್ನು ಹೇಳುತ್ತಿದ್ದಳು: ಬೆಳಕು ಸಾಲದು.

‘ಬ್ಲೇಡ್ ರನ್ನರ್’ ನೋಡಿದ ವಾರವೇ ಅಜ್ಜಿಯ ವೃದ್ಧಾಪ್ಯ ವೇತನದ ಸಂಬಂಧ ಅವಳ ಗುರುತನ್ನು ಖಾತರಿ ಮಾಡಿಸಬೇಕಾಗಿ ಬಂದಿತು. ನಾನು ಅವಳನ್ನು ಹೋಬಳಿಯ ಊರಿನ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಹುಡುಗ ಸಂಭಾವಿತ. ಅವನದು ಏನೂ ತಪ್ಪಿಲ್ಲ. ಮೊದಲು ಬೆರಳು ಇಡಿಸಿದ. ಐವತ್ತು ವರ್ಷ ಕಳೆ ಕಿತ್ತು, ಹುಣಸೆಹಣ್ಣು ಬಿಡಿಸಿ, ಪಾತ್ರೆ ಬೆಳಗಿದ ಬೆರಳು, ಗೆರೆಗಳೆಲ್ಲ ಸವೆದುಹೋಗಿವೆ. ಯಂತ್ರ ಒಪ್ಪಲಿಲ್ಲ. ‘ಕಣ್ಣು ನೋಡೋಣ’ ಎಂದು ಹುಡುಗ ಇನ್ನೊಂದು ಯಂತ್ರವನ್ನು ತೆಗೆದು ಅಜ್ಜಿಯ ಮುಖದ ಮುಂದೆ ಹಿಡಿದ. ನಮ್ಮ ಪಾಪೆಯ ಸುತ್ತಲಿನ ಬಣ್ಣದ ಬಳೆಯಲ್ಲಿರುವ ಗೆರೆಗಳು ಒಬ್ಬರದರಂತೆ ಇನ್ನೊಬ್ಬರದು ಇರುವುದಿಲ್ಲವಂತೆ. ಯಂತ್ರ ಅದನ್ನು ಓದಿ ಇಂಥವರೇ ಎಂದು ಹೇಳುತ್ತದೆ.

‘ಅಜ್ಜಿ, ಆ ಬೆಳಕನ್ನೇ ನೋಡಿ. ಕಣ್ಣು ದೊಡ್ಡದಾಗಿ ಬಿಡಿ. ರೆಪ್ಪೆ ಬಡೀಬೇಡಿ’ ಎಂದ ಹುಡುಗ.

ಅಜ್ಜಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆಮೇಲೆ ಬಹಳ ಮೆತ್ತಗೆ ‘ಎಲ್ಲೈತಪ್ಪ ಬೆಳಕು?’ ಎಂದಳು.

ಬೆಳಕು ಅವಳ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.

ನನ್ನ ಕಾಲು ನೆಲಕ್ಕೆ ಅಂಟಿಕೊಂಡವು. ಹಿಂದಿನ ಶನಿವಾರವಷ್ಟೇ ಪರದೆಯ ಮೇಲೆ ಇದೇ ದೃಶ್ಯವನ್ನು ನೋಡಿ, ಮನುಷ್ಯನ ಕಣ್ಣನ್ನು ಯಂತ್ರ ವಿಚಾರಣೆ ಮಾಡುವುದು ಎಂಥ ಅನ್ಯಾಯವೆಂದು ಮಿತ್ರರ ಮುಂದೆ ಒಂದು ಗಂಟೆ ಭಾಷಣ ಮಾಡಿದ್ದೆ. ಆ ಅಂಗಡಿಯ ಯಂತ್ರ ಅಜ್ಜಿಯನ್ನು ಗುರುತಿಸಲಿಲ್ಲ, ನಿಜ. ಆದರೆ ಅದು ಅವಳನ್ನು ಅಂದೇ ಮೊದಲು ನೋಡಿದ್ದು. ನಾನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೆ. ಕಣ್ಣು ಕಾಣುವುದಿಲ್ಲವೆ ಎಂದು ಬೈಗುಳವಾಗಿ ಕೇಳಿದ ಪ್ರಶ್ನೆಯನ್ನು ಪ್ರಶ್ನೆಯಾಗಿ ಒಂದು ದಿನವೂ ಕೇಳಿರಲಿಲ್ಲ.

ಮರುದಿನ ಕಾಲೇಜಿಗೆ ಚಕ್ಕರ್ ಹೊಡೆದು ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದೆ. ವೈದ್ಯೆ ಮೊದಲು ಕೈಟಾರ್ಚು ಬಿಟ್ಟು ನೋಡಿದರು. ಆಮೇಲೆ ಹನಿ ಹಾಕಿಸಿ, ಕತ್ತಲ ಕೋಣೆಯಲ್ಲಿ ಕೂರಿಸಿ, ಒಂದು ಸಣ್ಣ ಉಪಕರಣವನ್ನು ತಮ್ಮ ಕಣ್ಣಿಗೆ ಹಿಡಿದುಕೊಂಡು ಅಜ್ಜಿಯ ಮುಖಕ್ಕೆ ಮುಖವಿಟ್ಟು ನೋಡಿದರು. ‘ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣಂತೂ ಪೂರ್ತಿ ಮುಚ್ಚಿದೆ. ಎಷ್ಟು ದಿನವಾಯಿತು?’ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಜ್ಜಿಯೇ ‘ಎರಡು ಬ್ಯಾಸಿಗೆ ಆಯ್ತು ತಾಯಿ’ ಎಂದಳು.

‘ಮನೆಯಲ್ಲಿ ಹೇಳಬಾರದಿತ್ತೆ?’

‘ಈ ಮಗಂದು ಓದು ಮುಗೀಲಿ ಅಂತ ಸುಮ್ಕಿದ್ದೆ. ಆಪ್ರೇಸನ್ನು ಅಂದ್ರೆ ದುಡ್ಡಲ್ವ?’

ವೈದ್ಯೆ ನನ್ನ ಕಡೆ ತಿರುಗಿ ‘ಏನು ಓದುತ್ತಿದ್ದೀರಿ?’ ಎಂದರು. ‘ಬಿ.ಎ.’ ಎಂದೆ. ಅವರು ಮತ್ತೇನೂ ಹೇಳಲಿಲ್ಲ. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೆ ದುಡ್ಡು ಕೊಡಬೇಕಾಗಿಲ್ಲ ಎಂಬುದನ್ನಾದರೂ ಮನೆಗೊಬ್ಬ ಓದಿದವನು ತಿಳಿದುಕೊಂಡಿರಬೇಡವೆ?

ವೈದ್ಯೆ ಹಿಡಿದಿದ್ದ ಉಪಕರಣದ ವಿಚಾರವನ್ನು ಆಮೇಲೆ ಗ್ರಂಥಾಲಯದಲ್ಲಿ ಓದಿದೆ. ಮನುಷ್ಯನ ಪಾಪೆ ನಮಗೆ ಕಪ್ಪಾಗಿ ಕಾಣುವುದಕ್ಕೆ ಕಾರಣ ಬಹಳ ಸರಳ. ಒಳಗೆ ಹೋದ ಬೆಳಕು ಬಂದ ದಾರಿಯಲ್ಲಿಯೇ ಹಿಂತಿರುಗುತ್ತದೆ. ಅದನ್ನು ನೋಡಬೇಕಾದರೆ ಆ ದಾರಿಯಲ್ಲಿಯೇ ನಾವು ನಿಲ್ಲಬೇಕು. ನಿಂತರೆ ನಮ್ಮ ತಲೆಯೇ ಬೆಳಕಿಗೆ ಅಡ್ಡವಾಗುತ್ತದೆ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಇದಕ್ಕೆ ಪರಿಹಾರ ಕಂಡುಹಿಡಿದನು. ಓರೆಯಾಗಿ ಇಟ್ಟ ಗಾಜಿನ ಹಲ್ಲೆಗಳಿಂದ ದೀಪದ ಬೆಳಕನ್ನು ರೋಗಿಯ ಕಣ್ಣಿಗೆ ತಿರುಗಿಸಿ, ಅದೇ ಗಾಜಿನ ಮೂಲಕ ತಾನು ನೋಡಿದನು. ಬದುಕಿರುವ ಮನುಷ್ಯನ ಕಣ್ಣಿನ ಒಳಗು ಸ್ಪಷ್ಟವಾಗಿ ಕಂಡಿತು. ಸಿನಿಮಾದ ಛಾಯಾಗ್ರಾಹಕನ ಅರೆಗನ್ನಡಿಯ ಉಪಾಯ ಮೂಲದಲ್ಲಿ ಇದೇ. ಒಂದೇ ಉಪಾಯದಿಂದ ಒಬ್ಬರು ಮನುಷ್ಯನನ್ನು ಯಂತ್ರದಂತೆ ಕಾಣಿಸಿದರು, ಇನ್ನೊಬ್ಬರು ಕುರುಡಾಗುತ್ತಿರುವವರನ್ನು ಉಳಿಸಿದರು. ಬೆಳಕಿನಲ್ಲಿ ದೋಷವಿಲ್ಲ. ಬೆಳಕು ಹಿಡಿದವರು ಏನನ್ನು ಹುಡುಕುತ್ತಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ರೋಟ್‌ವಾಂಗ್ ಟಾರ್ಚು ಹಿಡಿದದ್ದು ಮರಿಯಾಳ ರೂಪವನ್ನು ಕದಿಯಲು. ನಮ್ಮ ವೈದ್ಯೆ ಟಾರ್ಚು ಹಿಡಿದದ್ದು ಅಜ್ಜಿಗೆ ಎಲ್ಲಿ ಕಷ್ಟವಿದೆಯೆಂದು ತಿಳಿಯಲು. ನನ್ನ ಕೈಯಲ್ಲಿ ಟಾರ್ಚೇ ಇರಲಿಲ್ಲ. ಮೊಬೈಲಿನ ಬೆಳಕನ್ನು ನನ್ನ ಮುಖಕ್ಕೇ ಹಿಡಿದುಕೊಂಡು ಎರಡು ಬೇಸಗೆ ಕುಳಿತಿದ್ದೆ.

ಶಿವರಾತ್ರಿಗೆ ಮುಂಚೆ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಮಬ್ಬಾದ ಮಸೂರವನ್ನು ತೆಗೆದು ಅಲ್ಲಿಗೆ ಕೃತಕ ಮಸೂರವನ್ನು ಕೂರಿಸುತ್ತಾರೆ. ಇದರ ಚರಿತ್ರೆಯೂ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕೆಲವು ವಿಮಾನ ಚಾಲಕರ ಕಣ್ಣಿನೊಳಕ್ಕೆ ವಿಮಾನದ ಪ್ಲಾಸ್ಟಿಕ್ ಹೊದಿಕೆಯ ಚೂರುಗಳು ಸಿಡಿದಿದ್ದವು. ಆ ಚೂರು ಒಳಗೇ ಉಳಿದರೂ ಕಣ್ಣು ಕೆರಳಲಿಲ್ಲ. ಇದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಅಂಥದೇ ವಸ್ತುವಿನಿಂದ ಮಸೂರ ಮಾಡಿಸಿ 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಕಣ್ಣಿನಲ್ಲಿ ಇಟ್ಟರು. ಸಿನಿಮಾದ ನಿರ್ದೇಶಕರ ಹೆಸರೂ ರಿಡ್ಲಿ, ಕಣ್ಣಿನ ವೈದ್ಯರ ಹೆಸರೂ ರಿಡ್ಲಿ! ‘ಬ್ಲೇಡ್ ರನ್ನರ್’ನಲ್ಲಿ ಚೂ ಎಂಬ ಮುದುಕ ಚಳಿಯ ಕೋಣೆಯಲ್ಲಿ ಕುಳಿತು ಕೃತಕ ಕಣ್ಣುಗಳನ್ನು ತಯಾರಿಸುತ್ತಾನೆ. ನಾನು ಅದನ್ನು ಬರಿಯ ಕಲ್ಪನೆಯೆಂದು ನೋಡಿದ್ದೆ. ಆ ಚಿತ್ರ ಬರುವುದಕ್ಕೆ ಮೂವತ್ತು ವರ್ಷ ಮೊದಲೇ ಆ ಕೆಲಸ ಅಷ್ಟಿಷ್ಟು ಆರಂಭವಾಗಿತ್ತು.

ಮಾರನೆಯ ದಿನ ಪಟ್ಟಿ ಬಿಚ್ಚಿದರು. ಅಜ್ಜಿ ಎರಡು ಮೂರು ಸಲ ರೆಪ್ಪೆ ಬಡಿದು ಸೂರಿನ ದೀಪವನ್ನು ನೋಡಿದಳು, ನರ್ಸಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಏನಾದರೂ ಗಂಭೀರವಾದ ಮಾತನ್ನು ನಿರೀಕ್ಷಿಸುತ್ತಿದ್ದೆ.

‘ಅಯ್ಯೋ, ಮೀಸೆ ಇಷ್ಟು ದಪ್ಪ ಆಗೈತಲ್ಲೋ ನಿಂಗೆ!’ ಎಂದಳು.

ವಾರ್ಡಿನವರೆಲ್ಲ ನಕ್ಕರು. ನಾನು ಮುಖ ತೊಳೆದುಕೊಂಡು ಬರುವ ನೆಪದಲ್ಲಿ ಹೊರಗೆ ಹೋದೆ.

ಈಗ ಅನ್ನದಲ್ಲಿ ಕಲ್ಲಿಲ್ಲ. ಮೊನ್ನೆ ಸಂಜೆ ಅಜ್ಜಿ ದೀಪದ ಕೆಳಗೆ ಮೊರ ಹಿಡಿದು ಕುಳಿತಿದ್ದಳು. ನಾನು ಎದುರಿಗೆ ಟಿಪ್ಪಣಿ ಬರೆಯುತ್ತಿದ್ದೆ. ಏನೋ ಕೇಳಲು ತಲೆಯೆತ್ತಿ ನನ್ನ ಕಡೆ ತಿರುಗಿದಳು. ಆ ಓರೆಯಲ್ಲಿ ಅವಳ ಬಲಗಣ್ಣಿನ ಪಾಪೆ ಒಂದು ಕ್ಷಣ ಫಳಕ್ಕನೆ ಹೊಳೆಯಿತು. ನಾನು ಬೆಚ್ಚಿದೆ, ಸಾಕ್ಷಾತ್ ಆ ಸಿನಿಮಾದ ಹೊಳಪೇ! ಹೆದರಬೇಕಾಗಿಲ್ಲ, ಕೃತಕ ಮಸೂರದ ಮೈಗೆ ಬೆಳಕು ತಾಗಿ ಹೀಗೆ ಮಿನುಗುವುದುಂಟು ಎಂದು ವೈದ್ಯೆ ಆಮೇಲೆ ತಿಳಿಸಿದರು. ಚಿತ್ರದಲ್ಲಿ ಆ ಹೊಳಪು ‘ಇವನು ಮನುಷ್ಯನಲ್ಲ’ ಎಂಬುದರ ಗುರುತು. ನಿರ್ದೇಶಕರೂ ಆ ಗುರುತನ್ನು ಪೂರ್ತಿ ನಂಬಿದಂತೆ ಕಾಣುವುದಿಲ್ಲ. ಬೇಟೆಗಾರನಾದ ನಾಯಕನ ಕಣ್ಣನ್ನೂ ಒಂದು ದೃಶ್ಯದಲ್ಲಿ ಕ್ಷಣಕಾಲ ಹೊಳೆಯಿಸಿದ್ದಾರೆ. ಕೊನೆಗೆ ಸಾಯುವ ಮುನ್ನ ತನ್ನ ಶತ್ರುವನ್ನು ಬೀಳದಂತೆ ಹಿಡಿದು ಮೇಲೆಳೆಯುವವನು ಆ ಹೊಳೆಯುವ ಕಣ್ಣಿನವನೇ. ತಾನು ಕಂಡದ್ದನ್ನು ಇನ್ನೊಬ್ಬರಿಗೆ ಹೇಳಿ ಅವನು ಸಾಯುತ್ತಾನೆ. ಯಂತ್ರದ ಪರೀಕ್ಷೆಯಲ್ಲಿ ನಪಾಸಾದವನು ಮನುಷ್ಯತ್ವದ ಪರೀಕ್ಷೆಯಲ್ಲಿ ಪಾಸಾಗುತ್ತಾನೆ.

ಬೆಳಕನ್ನು ಎಸೆಯುವ ಕಣ್ಣಿಗೆ ಏಕೆ ಹೆದರುತ್ತೇವೆ ಎಂದು ಮೊದಲು ಕೇಳಿದ್ದೆ. ನನ್ನ ಅಲ್ಪಮತಿಗೆ ತೋರುವ ಉತ್ತರ ಇಷ್ಟು. ಆ ಕಣ್ಣು ನಮ್ಮನ್ನು ನೋಡುತ್ತದೆ, ನಮ್ಮಿಂದ ಏನನ್ನೂ ಪಡೆಯುವುದಿಲ್ಲ. ಅದರ ಮುಂದೆ ನಾವು ಅತ್ತರೂ ಕುರುಡಾದರೂ ಅದರ ಬಣ್ಣ ಬದಲಾಗುವುದಿಲ್ಲ. ಅಂಥ ಕಣ್ಣು ಯಂತ್ರಕ್ಕೆ ಮಾತ್ರ ಇರುತ್ತದೆಂದು ನಾನು ನಂಬಿದ್ದೆ. ಅನ್ನದ ತಟ್ಟೆಯನ್ನು ನೂಕಿದ ರಾತ್ರಿ ಅದು ನನಗೂ ಇತ್ತು. ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಮನೆಯಲ್ಲಿ ಬೆಳಕು ಸಾಲದಾಗಿತ್ತು. ತಂದೆಯವರು ತಂದ ಬಲ್ಬಿನಿಂದ ತುಂಬುವ ಕೊರತೆ ಅದಾಗಿರಲಿಲ್ಲ.

ಅಜ್ಜಿಯ ಎಡಗಣ್ಣು ಇನ್ನೂ ಬಾಕಿ ಇದೆ. ‘ನಿನ್ನ ಪರೀಕ್ಸೆ ಮುಗೀಲಿ, ಆಮ್ಯಾಕೆ ಹೋಗಾನ’ ಎನ್ನುತ್ತಿದ್ದಾಳೆ. ನಾನು ಪರೀಕ್ಷೆಗೆ ಹತ್ತು ದಿನ ಮುಂಚಿನ ದಿನಾಂಕವನ್ನೇ ಗೊತ್ತುಮಾಡಿಕೊಂಡು ಬಂದಿದ್ದೇನೆ. ಅಂದು ತರಗತಿಯಲ್ಲಿ ನಾನು ಕಾಣದಿದ್ದರೆ ಅಧ್ಯಾಪಕರು ದಯವಿಟ್ಟು ಹಾಜರಿಯ ವಿಚಾರದಲ್ಲಿ ಕಣ್ಣು ಮುಚ್ಚಿಕೊಳ್ಳಬೇಕಾಗಿ ಪ್ರಾರ್ಥನೆ.